ಒಣಗಿದೆ ಎಂದು ದೃಢೀಕರಿಸಲಾಗಿದೆ

ನಮ್ಮ ಆಸ್ಪತ್ರೆಯಲ್ಲಿ ಕಳೆದ ಹದಿನಾಲ್ಕು ತಿಂಗಳಿಂದ, ಸೂಜಿ ಚುಚ್ಚಿದ ಜಾಗ ಕೀವುಗಟ್ಟಿದ ಒಂದೇ ಒಂದು ಪ್ರಕರಣವೂ ವರದಿಯಾಗಿಲ್ಲ ಎಂಬುದನ್ನು ಈ ಮೂಲಕ ಸರ್ವರ ಗಮನಕ್ಕೆ ತರಲಾಗಿದೆ. ಈ ಸಾಧನೆಯ ಹಿಂದೆ ಒಬ್ಬ ಮಹಾನುಭಾವರಿದ್ದಾರೆ. ಅವರು ಯಾರೆಂದು ಅವರೇ ಹೇಳಿಕೊಂಡರೆ ಚೆನ್ನಾಗಿರುವುದಿಲ್ಲ. ಆದ್ದರಿಂದ ‘ನಾನು’ ಎಂದಷ್ಟೇ ಹೇಳಿ ಮುಂದುವರಿಯುತ್ತೇನೆ.

ನಾನು ವೈದ್ಯನಲ್ಲ. ಆಸ್ಪತ್ರೆಯ ಉಗ್ರಾಣದಲ್ಲಿ ಇಪ್ಪತ್ತಾರು ವರ್ಷ ರಟ್ಟಿನ ಪೆಟ್ಟಿಗೆಗಳ ಮೇಲೆ ನಂಬರು ಬರೆದವನು. ವೈದ್ಯಶಾಸ್ತ್ರ ಓದಿಲ್ಲವಾದ್ದರಿಂದ ನನ್ನ ತಲೆಯಲ್ಲಿ ಹೊಸ ವಿಚಾರಗಳಿಗೆ ಬೇಕಾದಷ್ಟು ಜಾಗವಿತ್ತು.

ಇಂಜೆಕ್ಷನ್ ಕೋಣೆಯಲ್ಲಿ ನರ್ಸಾಗಿರುವವಳು ನನ್ನ ಸೋದರ ಸೊಸೆ, ಅಕ್ಕನ ಮಗಳು. ಒಂದು ಭಾನುವಾರ ನಮ್ಮ ಮನೆಗೆ ಬಂದವಳು ಗೊಣಗಿದಳು: “ಚುಚ್ಚೋ ಮುಂಚೆ ಸ್ಪಿರಿಟ್ ವೈಪಲ್ಲಿ ಚರ್ಮ ಒರೆಸಿದ ಮೇಲೆ ಅರ್ಧ ನಿಮಿಷ ಒಣಗೋಕೆ ಬಿಡ್ಬೇಕು ಮಾವ. ಊದಬಾರದು, ಬೀಸಬಾರದು, ಮುಟ್ಟಬಾರದು, ಅಷ್ಟೇ. ಅಷ್ಟಕ್ಕೂ ಜನಕ್ಕೆ ಪುರುಸೊತ್ತಿಲ್ಲ.”

ಅಷ್ಟೇ ಅಂತೆ! ಇಷ್ಟು ದೊಡ್ಡ ವಿಷಯವನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರೆ ಅದಕ್ಕೆ ಬೆಲೆ ಎಲ್ಲಿ ಉಳಿಯಿತು? ಅವಳು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ನಾನು ಹನ್ನೊಂದು ನಿಯಮ ಬರೆದಿದ್ದೆ. ಅವುಗಳಲ್ಲಿ ಎರಡನ್ನು ಇಲ್ಲಿ ಕೊಡದಿದ್ದರೆ ಓದುಗರಿಗೆ ಅನ್ಯಾಯವಾದೀತು.

‘ನಿಯಮ ಏಳು: ಒರೆಸಿದ ಚರ್ಮವು ಒಣಗಿದೆಯೇ ಎಂಬುದನ್ನು ಒಣಗು ಪರಿವೀಕ್ಷಕರು ತಮ್ಮ ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಂಡು, ಮೂರು ಪ್ರತಿಗಳಲ್ಲಿ ದೃಢೀಕರಿಸತಕ್ಕದ್ದು.

ನಿಯಮ ಎಂಟು: ಒರೆಸಿದ ಚರ್ಮವನ್ನು ಯಾರೂ ಮುಟ್ಟತಕ್ಕದ್ದಲ್ಲ. ಮುಟ್ಟಿದಲ್ಲಿ, ಹೊಸ ವೈಪಿನಿಂದ ಮತ್ತೊಮ್ಮೆ ಒರೆಸತಕ್ಕದ್ದು.’

ನಿರ್ದೇಶಕರು ಎರಡನ್ನೂ ಓದಿ, ಎರಡೂ ಬಹಳ ಚೆನ್ನಾಗಿವೆ ಎಂದರು. ವೈಪು ಸರಬರಾಜು ಮಾಡುವವರು ಅವರ ಭಾವಮೈದುನ ಎಂದು ಕೆಲವರು ಪಿಸುಗುಟ್ಟಿದ್ದುಂಟು. ಅದು ರಕ್ತಸಂಬಂಧವೂ ಅಲ್ಲ, ಬರೀ ಮದುವೆಯ ಸಂಬಂಧ. ಆದ್ದರಿಂದ ಆಕ್ಷೇಪಣೆಯನ್ನು ವಜಾ ಮಾಡಲಾಯಿತು.

ಪರಿವೀಕ್ಷಕರ ಹುದ್ದೆಗೆ ನಮ್ಮ ಲಿಫ್ಟಿನವನಿಗಿಂತ ಯೋಗ್ಯರು ಸಿಗುವಂತಿರಲಿಲ್ಲ. ಲಿಫ್ಟು ಕೆಟ್ಟು ಎರಡು ವರ್ಷವಾಗಿತ್ತು, ಅವನಿಗೆ ಬಿಡುವಿತ್ತು. ಜೊತೆಗೆ ಎಂಟು ವರ್ಷ ಗುಂಡಿ ಒತ್ತಿ ಪಳಗಿದ ತೋರುಬೆರಳು ಬೇರೆ.

ಮೊದಲ ದಿನ ಮೊದಲಿಗೆ ಬಂದವರು ಒಬ್ಬ ದರ್ಜಿ. ತೋಳು ಚಾಚಿದರು. ನನ್ನ ಸೊಸೆ ಒರೆಸಿದಳು, ಅರ್ಧ ನಿಮಿಷ ಕಾದಳು. ಲಿಫ್ಟಿನವನು ಬಗ್ಗಿ ಮುಟ್ಟಿದ.

“ಒಣಗಿದೆ.”

“ಮುಟ್ಟಿದ್ರಲ್ಲ. ಮತ್ತೆ ಒರೆಸ್ಬೇಕು.”

“ಒರೆಸಮ್ಮ. ನಾನೆಲ್ಲಿ ಹೋಗ್ತೀನಿ, ಇಲ್ಲೇ ಇರ್ತೀನಿ.”

ಮಧ್ಯಾಹ್ನದ ಹೊತ್ತಿಗೆ ದರ್ಜಿಯ ತೋಳಿನ ಮೇಲೆ ನಲವತ್ತೊಂದು ವೈಪು ಆಗಿತ್ತು. “ತೋಳೇನೋ ಹಗುರ ಆಯ್ತಪ್ಪ, ಬರ್ತೀನಿ” ಎಂದು ಅಂಗಿಯ ತೋಳು ಇಳಿಸಿಕೊಂಡು ಹೋದರು. ಅವರು ನೇರವಾಗಿ ಎದುರು ಓಣಿಯ ಮುದುಕ ಕಂಪೌಂಡರ ಹತ್ತಿರ ಹೋಗಿ ಚುಚ್ಚಿಸಿಕೊಂಡರಂತೆ. ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ.

ಮೂರು ತಿಂಗಳು ಕಳೆಯಿತು. ಒಂದು ಸೂಜಿಯೂ ಚುಚ್ಚಲಿಲ್ಲವಾದ್ದರಿಂದ ಒಂದು ಜಾಗವೂ ಕೀವುಗಟ್ಟಲಿಲ್ಲ. ನಿರ್ದೇಶಕರು ನನ್ನ ಬೆನ್ನು ತಟ್ಟಿ, ನನಗೆಂದೇ ಹೊಸ ಹುದ್ದೆ ಸೃಷ್ಟಿಸಿ ಆದೇಶ ಹೊರಡಿಸಿದರು:

‘ಚರ್ಮ ಸಿದ್ಧತಾ ವಿಭಾಗದ ಮುಖ್ಯಸ್ಥರು ಇದೇ ಮೂವತ್ತರಂದು ಸಂಜೆ ನಾಲ್ಕರೊಳಗೆ, ಹುದ್ದೆಗೆ ಮಂಜೂರಾದ ಕುರ್ಚಿಯಲ್ಲಿ ಕುಳಿತು ಅಧಿಕಾರ ಸ್ವೀಕರಿಸತಕ್ಕದ್ದು. ನಿಂತು ಹಾಕಿದ ಸಹಿ ಊರ್ಜಿತವಲ್ಲ. ತಪ್ಪಿದಲ್ಲಿ ಹುದ್ದೆ ರದ್ದು.’

ತಿರುಗುವ ಕುರ್ಚಿ! ಇಪ್ಪತ್ತಾರು ವರ್ಷ ರಟ್ಟಿನ ಪೆಟ್ಟಿಗೆಯ ಮೇಲೆ ಕೂತವನಿಗೆ ತಿರುಗುವ ಕುರ್ಚಿ! ನೆಂಟರಿಷ್ಟರಿಗೆಲ್ಲ ಫೋನು ಮಾಡಿ ಹೇಳಿದೆ. ಅದು ಯಾವ ಯಾವ ದಿಕ್ಕಿಗೆ ತಿರುಗುತ್ತದೆ ಎಂಬುದನ್ನೂ ಹೇಳಿದೆ.

ಇಪ್ಪತ್ತೆಂಟರ ಬೆಳಿಗ್ಗೆ ನನಗೆ ಕುರು ಎದ್ದಿತು. ಮನುಷ್ಯನ ದೇಹದಲ್ಲಿ ಕುರು ಏಳಲು ಎಷ್ಟೋ ಜಾಗಗಳಿವೆ. ನನ್ನದು ಮಾತ್ರ, ನಾನು ಕೂರುವಾಗ ಕುರ್ಚಿಗೆ ಮೊಟ್ಟಮೊದಲು ತಾಗುವ ಜಾಗವನ್ನೇ ಹುಡುಕಿಕೊಂಡು ಬಂದಿತ್ತು. ಇಪ್ಪತ್ತೊಂಬತ್ತಕ್ಕೆ ನಿಂಬೆಹಣ್ಣಿನಷ್ಟಾಯಿತು. ಮೂವತ್ತರಂದು, ಆಗಲೇ ಪೂರ್ತಿ ಹಣ್ಣಾಗಿದ್ದ ಅದನ್ನು ಹೊತ್ತು, ಬಾತುಕೋಳಿಯ ಹಾಗೆ ನಡೆಯುತ್ತ ಇಂಜೆಕ್ಷನ್ ಕೋಣೆ ಸೇರಿ ಬೋರಲು ಮಲಗಿದೆ.

“ಸರ್ಜನ್ನರು ಬ್ಲೇಡ್ ಹಿಡ್ಕೊಂಡು ಬಾಗ್ಲಲ್ಲೇ ನಿಂತಿದಾರೆ ಮಾವ. ಒಂದೇ ನಿಮಿಷದ ಕೆಲ್ಸ” ಎಂದಳು ಸೊಸೆ. ಒರೆಸಿದಳು. ತಣ್ಣಗಾಯಿತು, ಆಮೇಲೆ ಉರಿಯಿತು. ಅರ್ಧ ನಿಮಿಷ ಕಳೆಯಿತು.

ಆಗ ಆ ತೋರುಬೆರಳು ಬಂತು.

“ಅಯ್ಯಯ್ಯೋ! ಮೆಲ್ಲಗೋ!”

“ಒಣಗಿದೆ ಸಾರ್” ಎಂದ ಲಿಫ್ಟಿನವನು. ಮೂರು ಪ್ರತಿ ಬರೆದ.

“ಮುಟ್ಟಿದ್ರಿ. ಮತ್ತೆ ಒರೆಸ್ಬೇಕು” ಎಂದಳು ಸೊಸೆ.

ಹನ್ನೆರಡು ಗಂಟೆಗೆ ನನಗೆ ಬುದ್ಧಿ ಬರತೊಡಗಿತು. “ಏ ಪುಟ್ಟಿ, ಇದೊಂದ್ಸಲ ಅವನನ್ನ ಆಚೆ ಕಳ್ಸಮ್ಮ.”

“ಮೊದಲ್ನೇ ವಾರ ಒಬ್ಬರಿಗೆ ಹಾಗೇ ಚುಚ್ಚೋಕೆ ಹೋಗಿದ್ದಕ್ಕೆ ಕಾರಣ ಕೇಳಿ ನೋಟಿಸು ಕೊಟ್ಟಿದ್ದು ಯಾರು ಮಾವ?”

“ಯಾರು?”

“ನೀವೇ. ಎರಡು ಕಾಗುಣಿತ ತಪ್ಪಿತ್ತು. ಇನ್ನೂ ಇಟ್ಕೊಂಡಿದೀನಿ.”

“ಹಾಗಾದ್ರೆ ಏಳನೇ ನಿಯಮ ರದ್ದು! ತಗೊಂಡು ಬಾ ಕಾಗದ!”

ಲಿಫ್ಟಿನವನು ನಿಯಮಾವಳಿ ತಿರುವಿ ಹಾಕಿದ. “ಹನ್ನೊಂದನೇ ನಿಯಮ ಸಾರ್. ರದ್ದು ಮಾಡೋದು ಮುಖ್ಯಸ್ಥರು ಮಾತ್ರ. ತಾವಿನ್ನೂ ಕೂತಿಲ್ಲ.”

ಕೂರಬೇಕಾದರೆ ಕುರು ಒಡೆಯಬೇಕು. ಕುರು ಒಡೆಯಬೇಕಾದರೆ ನಿಯಮ ಹೋಗಬೇಕು. ನಿಯಮ ಹೋಗಬೇಕಾದರೆ ನಾನು ಕೂರಬೇಕು. ಬೋರಲು ಮಲಗಿದ್ದಲ್ಲೇ, ಇಂಥ ಬಿಗಿಯಾದ ನಿಯಮಾವಳಿ ಬರೆದ ತಲೆಯ ಬಗ್ಗೆ ನನಗೆ ಒಂದು ಕ್ಷಣ ಹೆಮ್ಮೆಯೇ ಆಯಿತು. ಮರುಕ್ಷಣ ಬೆರಳು ಬಂತು.

ಮೂರೂ ಐವತ್ತಕ್ಕೆ ನಾನೆದ್ದೆ. ಕಾರಿಡಾರಿನ ಗೋಡೆ ಹಿಡಿದುಕೊಂಡು ನಿರ್ದೇಶಕರ ಕೋಣೆಗೆ ಹೋದೆ. ಕುರ್ಚಿ ನಡುಮಧ್ಯೆ ಮಿರಮಿರ ಮಿಂಚುತ್ತಿತ್ತು. ಕಣ್ಣು ಮುಚ್ಚಿ, ಕುಲದೇವರನ್ನೂ ಪಿಂಚಣಿಯನ್ನೂ ನೆನೆದು, ಕೂತೆ.

ನಾನು ಹಾಕಿದ ಕೂಗಿಗೆ ಮೂರನೇ ಮಹಡಿಯಲ್ಲಿ ಹೆರಿಗೆಯಾಯಿತು ಎಂದು ಹೇಳುತ್ತಾರೆ. ನಿರ್ದೇಶಕರು ಅದನ್ನು ಪ್ರಮಾಣವಚನವೆಂದು ದಾಖಲಿಸಿಕೊಂಡರು. ಕುರ್ಚಿ ನನ್ನನ್ನು ಹೊತ್ತು ಒಂದು ಪೂರ್ತಿ ಸುತ್ತು ತಿರುಗಿತು. ಸುತ್ತು ಮುಗಿಯುವಷ್ಟರಲ್ಲಿ ಕುರು ಒಡೆದು, ಸ್ವರ್ಗಸುಖ. ಗಂಟೆ ಮೂರೂ ಐವತ್ತೆಂಟು. ಸಹಿ ಹಾಕಿದೆ.

ಸೊಸೆ ಓಡಿಬಂದು ಇನ್ನೊಂದು ಕಾಗದ ಮುಂದಿಟ್ಟಳು. “ಕೂತಿದೀರ ಮಾವ! ಏಳಬೇಡಿ! ಏಳನೇ ನಿಯಮ ಹೊಡೆದು ಹಾಕಿ, ಇಲ್ಲೊಂದು ಸಹಿ. ಆಚೆ ಮೂವತ್ತು ಜನ ಕಾಯ್ತಿದಾರೆ.”

ಲೇಖನಿ ಎತ್ತಿದೆ. ಆದರೆ ಈಗ ನೋವಿರಲಿಲ್ಲ. ನೋವಿಲ್ಲದೆ ಓದಿದಾಗ ಏಳನೆಯ ನಿಯಮದಲ್ಲಿ ನನಗೆ ಯಾವ ತಪ್ಪೂ ಕಾಣಲಿಲ್ಲ. ಭಾಷೆಯಂತೂ ಬಹಳ ಸೊಗಸಾಗಿತ್ತು.

“ನಾಳೆ ನೋಡೋಣ ಬಿಡು” ಎಂದು ಎದ್ದು ಡ್ರೆಸಿಂಗಿಗೆ ಹೋದೆ.

ಸೊಸೆ ಕೂತು ವರದಿ ಬರೆದಳು: ‘ಕುರು ಒಡೆಯುವ ಚಿಕಿತ್ಸೆಯನ್ನು ಕುರ್ಚಿಯು ನೆರವೇರಿಸಿದೆ. ಆದ ಕಾರಣ ಸದರಿ ಕುರ್ಚಿಯನ್ನು, ಮುಂದಿನ ಬಳಕೆಗೆ ಮುನ್ನ, ನಿಯಮ ಏಳು ಮತ್ತು ಎಂಟರ ಪ್ರಕಾರ ಸಿದ್ಧಗೊಳಿಸತಕ್ಕದ್ದು.’ ಕಾಗುಣಿತ ತಪ್ಪು ಒಂದೂ ಇರಲಿಲ್ಲ. ನಿರ್ದೇಶಕರು ಅಂದೇ ಒಪ್ಪಿಗೆ ಕೊಟ್ಟರು.

ಅದಾಗಿ ಹನ್ನೊಂದು ತಿಂಗಳು. ಕುರ್ಚಿ ಆಘಾತದಿಂದ ಚೇತರಿಸಿಕೊಂಡು ಆರೋಗ್ಯವಾಗಿದೆ. ನಾನೂ ಆರೋಗ್ಯವಾಗಿದ್ದೇನೆ, ನಿಂತುಕೊಂಡು. ನಿಂತವನ ಸಹಿ ನಡೆಯುವುದಿಲ್ಲವಾದ್ದರಿಂದ ಯಾವ ನಿಯಮವೂ ಬದಲಾಗಿಲ್ಲ. ರೋಗಿಗಳು ಬರುತ್ತಾರೆ, ಒರೆಸಿಸಿಕೊಳ್ಳುತ್ತಾರೆ, ಎದುರು ಓಣಿಗೆ ಹೋಗುತ್ತಾರೆ. ಕಂಪೌಂಡರು ಮನೆಗೆ ಎರಡನೇ ಮಹಡಿ ಏರಿಸುತ್ತಿದ್ದಾರೆ. ಕಳೆದ ತಿಂಗಳು ನಮ್ಮ ಆಸ್ಪತ್ರೆಗೆ ಶುಚಿತ್ವದ ಪ್ರಶಸ್ತಿ ಬಂತು. ಅದನ್ನೂ ನಾನು ನಿಂತೇ ಸ್ವೀಕರಿಸಿದೆ, ಅದೊಂದು ಅನುಕೂಲವಾಯಿತು.

“ಮನೇಲಾದ್ರೂ ಕೂತ್ಕೊಳ್ರೀ” ಎನ್ನುತ್ತಾಳೆ ಹೆಂಡತಿ. ಅಭ್ಯಾಸ ತಪ್ಪಿಹೋಗಿದೆ.

ದಿನಾ ಬೆಳಿಗ್ಗೆ ಹತ್ತಕ್ಕೆ ಸೊಸೆ ಬಂದು ಕುರ್ಚಿ ಒರೆಸುತ್ತಾಳೆ. ಅರ್ಧ ನಿಮಿಷ ಕಾಯುತ್ತಾಳೆ. ಲಿಫ್ಟಿನವನು ಬಗ್ಗಿ ತೋರುಬೆರಳು ಇಡುತ್ತಾನೆ.

“ಒಣಗಿದೆ ಸಾರ್. ಬನ್ನಿ, ಕೂತ್ಕೊಳ್ಳಿ.”

“ಮುಟ್ಟಿದ್ರಿ” ಎನ್ನುತ್ತಾಳೆ ಅವಳು, ಮುಂದಿನ ವೈಪಿನ ಪೊಟ್ಟಣ ಹರಿಯುತ್ತ.

ನಾನು ಗೋಡೆಗೊರಗಿ ಕಾಯುತ್ತೇನೆ. ಅವಸರವೇನಿಲ್ಲ, ಬರೀ ಅರ್ಧ ನಿಮಿಷದ ಮಾತು.