ಬಾಣಂತನದ ಅರಬ್ಬಿ

ಮಗಳ ಬಾಣಂತನಕ್ಕೆಂದು ಹೋಗಿ ಅರಬ್ಬಿ ಭಾಷೆ ಕಲಿತು ಬಂದ ಗಂಡಸು ಇಡೀ ತುಮಕೂರು ಜಿಲ್ಲೆಯಲ್ಲಿ ಒಬ್ಬರೇ ಒಬ್ಬರು. ಅವರು ನನ್ನ ಸೋದರಮಾವ! ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೇನೋ, ನಿಮ್ಮನ್ನು ಎಚ್ಚರಿಸುವುದಕ್ಕೆ ಹೇಳುತ್ತಿದ್ದೇನೋ ನನಗೇ ಗೊತ್ತಿಲ್ಲ. ಏಕೆಂದರೆ ಅವರೆದುರು ಕೂತು "ಆ ಭಾಷೆ ಕಷ್ಟವಾ ಮಾವ?" ಎಂದು ಕೇಳಿದವರು ಯಾರೂ ಎರಡು ಗಂಟೆಗೆ ಮುಂಚೆ ಎದ್ದು ಹೋದದ್ದಿಲ್ಲ.

ಮಾವ ಗುಬ್ಬಿಯವರು. ಕುಣಿಗಲ್ಲಿನ ಕೋರ್ಟಿನಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದು ರಿಟೈರಾದರು. ಅವರು ರಿಟೈರಾದರೇ ಹೊರತು ಕೋರ್ಟು ಅವರೊಳಗಿಂದ ರಿಟೈರಾಗಲಿಲ್ಲ. ಅವರ ಪ್ರಕಾರ ಲೋಕದಲ್ಲಿ ಇರುವುದು ಎರಡೇ ಜಾತಿ: ಹಾಜರಾದವರು ಮತ್ತು ಗೈರುಹಾಜರಾದವರು. ಮದುವೆಯಿರಲಿ, ನಾಮಕರಣವಿರಲಿ, ಬಾಗಿಲಲ್ಲಿ ನಿಂತು ಯಾರು ಬಂದರು, ಯಾರು ಬರಲಿಲ್ಲ ಎಂದು ಬೆರಳು ಮಡಚುತ್ತಿದ್ದರು. ನಮ್ಮ ಅಜ್ಜನ ತಿಥಿಯ ದಿನ ಪುರೋಹಿತರಿಗೆ, "ತೀರಿಕೊಂಡೋರು ಒಬ್ಬರನ್ನ ಬಿಟ್ಟು ಮಿಕ್ಕೋರೆಲ್ಲ ಹಾಜರು ಸ್ವಾಮಿ, ಶುರು ಮಾಡ್ಬೋದು" ಎಂದು ವರದಿ ಒಪ್ಪಿಸಿದ ಮನುಷ್ಯ!

ಅವರ ಒಬ್ಬಳೇ ಮಗಳು ವಿಮಲ ತುಮಕೂರಿನಲ್ಲಿ ನರ್ಸಿಂಗ್ ಓದಿದವಳು. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಗಂಡನ ಜೊತೆ ಕುವೈತಿನಲ್ಲಿದ್ದಳು. ಗಂಡ ಎಲೆಕ್ಟ್ರೀಷಿಯನ್. ಅವಳಿಗೆ ದಿನ ತುಂಬುತ್ತಾ ಬಂದಾಗ ಅವಳ ತಾಯಿಗೆ, ಅಂದರೆ ನನ್ನ ಅತ್ತೆಗೆ, ಟಿಕೆಟ್ಟು ಬಂತು. ಮಾವ ತಾವೂ ಹೊರಟು ನಿಂತರು.

"ಬಾಣಂತನದಲ್ಲಿ ಗಂಡಸ್ರಿಗೆ ಏನ್ ಕೆಲ್ಸ ಅಂತೀನಿ?" ಎಂದರು ಅತ್ತೆ.

"ಸೂಪರ್‌ವಿಷನ್ನು!" ಎಂದರು ಮಾವ.

ಇನ್ನು ಮುಂದಿನದು ಅವರ ಕಾಗದಗಳಿಂದ ತಿಳಿದದ್ದು, ಸ್ವಲ್ಪ ವಿಮಲ ನಗುತ್ತಾ ನಗುತ್ತಾ ಹೇಳಿದ್ದು. ವಿಮಲಳಿಗೆ ಅಲ್ಲೊಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ಹೆರಿಗೆಯಾದ ಮೇಲೆ ಸೇರುವುದು, ಅಷ್ಟರಲ್ಲಿ ಆರು ವಾರದ ಅರಬ್ಬಿ ಕ್ಲಾಸು ಮುಗಿಸಿರಬೇಕು ಎಂದು ಕರಾರು. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ, ವಾರಕ್ಕೆ ಆರು ದಿನ. ಕ್ಲಾಸು ಇದ್ದದ್ದು ಮೂರನೇ ಮಹಡಿಯಲ್ಲಿ, ಲಿಫ್ಟು ಇಲ್ಲ. ಶುರುವಾಗುವ ಮುನ್ನಾದಿನ ಡಾಕ್ಟರು ವಿಮಲಳನ್ನು ನೋಡಿ, ಇನ್ನು ಮೆಟ್ಟಿಲು ಹತ್ತಲೇಬಾರದು ಎಂದುಬಿಟ್ಟರು.

"ಹೋಗ್ಲಿ ಬಿಡಪ್ಪಾ, ಮುಂದಿನ ಸಲ ಕಲಿತೀನಿ" ಎಂದಳು ವಿಮಲ.

ಮಾವನಿಗೆ ಅನ್ನ ಇಳಿಯಲಿಲ್ಲ. "ನಾಳೆ ನಿನ್ ಹೆಸರು ಕೂಗ್ತಾರೆ ಕಣಮ್ಮ. ಕೂಗ್ದಾಗ ಯಾರೂ ಏಳ್ಲಿಲ್ಲ ಅಂದ್ರೆ ಏನರ್ಥ? ನಮ್ಮ ವಂಶದಲ್ಲಿ ಒಬ್ರೂ ಗೈರುಹಾಜರಾಗಿಲ್ಲ!"

ಮರುದಿನ ಬೆಳಿಗ್ಗೆ ಎಂಟಕ್ಕೆ ಕಚ್ಚೆಪಂಚೆ, ಕರಿಕೋಟು, ಟೋಪಿ ಧರಿಸಿದ ಐವತ್ತಾರು ವರ್ಷದ ನನ್ನ ಮಾವ ಫಿಲಿಪೈನ್ಸಿನ ಹನ್ನೊಂದು ಮಂದಿ ನರ್ಸುಗಳ ನಡುವೆ ಹೋಗಿ ಕೂತರು. ಪಾಠ ಹೇಳುವಾಕೆ ಪ್ಯಾಲೆಸ್ತೀನಿನ ಹೆಂಗಸು, ದಪ್ಪ ಕನ್ನಡಕದವರು. ಹಾಜರಿ ಪುಸ್ತಕ ತೆಗೆದು "ವಿಮಲಾ" ಎಂದು ಕೂಗಿದರು. ಮಾವ ಎದ್ದು ನಿಂತು, ಕುಣಿಗಲ್ ಕೋರ್ಟಿನ ಹೆಂಚು ಅದುರುತ್ತಿದ್ದ ಅದೇ ದನಿಯಲ್ಲಿ, "ಹಾಜರ್!" ಎಂದರು.

ನರ್ಸುಗಳು ಬಿದ್ದು ಬಿದ್ದು ನಕ್ಕರು. ಆದರೆ ಮೇಡಂ ನಗಲಿಲ್ಲ, ಬೆರಗಾದರು. ಅರಬ್ಬಿಯಲ್ಲೂ ಹಾಜರಿ ಹೇಳುವುದು ಹಾಗೆಯೇ ಅಂತೆ, "ಹಾದಿರ್" ಎಂದು! ಮೊದಲ ದಿನವೇ ಅರಬ್ಬಿಯಲ್ಲಿ ಉತ್ತರ ಕೊಟ್ಟ ವಿದ್ಯಾರ್ಥಿಯನ್ನು ಗಂಡಸೆಂಬ ಒಂದೇ ಕಾರಣಕ್ಕೆ ಹೊರಗೆ ಹಾಕುವುದುಂಟೇ? ಆಮೇಲೆ ಪೂರ್ತಿ ಆರು ವಾರ ಆ ಕ್ಲಾಸಿನಲ್ಲಿ ನನ್ನ ಮಾವನ ಹೆಸರು ವಿಮಲಾ.

ಮೊದಲ ಕಾಗದದಲ್ಲೇ ಅವರ ಉತ್ಸಾಹ ಉಕ್ಕುತ್ತಿತ್ತು. "ಅರ್ಧ ಅರಬ್ಬಿ ನಮ್ ಕೋರ್ಟಲ್ಲೇ ಅದೆ ಕಣೋ! ವಕೀಲ ಅವರ್ದೇ, ಅರ್ಜಿದಾರ ಕೂರೋ ಕುರ್ಚಿ ಅವರ್ದೇ, ಕೈ ತೊಳೆಯೋ ಸಾಬೂನೂ ಅವರ್ದೇ. ಮೂವತ್ತು ವರ್ಷ ನಾನು ಅರಬ್ಬಿಲೇ ಸರ್ಕಾರಿ ನೌಕರಿ ಮಾಡಿದೀನಿ, ನಂಗೇ ಗೊತ್ತಿರ್ಲಿಲ್ಲ!" ಮೇಡಂ ಪ್ರತಿ ಪದಕ್ಕೂ "ತಕ್ರಾರ್, ತಕ್ರಾರ್" ಎನ್ನುತ್ತಿದ್ದರಂತೆ. ಮಾವ ಕೈ ಮುಗಿದು, "ನನ್ದೇನೂ ತಕರಾರಿಲ್ಲ ತಾಯಿ" ಎಂದರಂತೆ. ಅಲ್ಲಿ ಆ ಮಾತಿಗೆ 'ಇನ್ನೊಮ್ಮೆ ಹೇಳು' ಎಂದರ್ಥ. ಗೊತ್ತಾದ ಮೇಲೂ ಮಾವ ಸೋಲಲಿಲ್ಲ: "ಸರಿಯಾಗೇ ಅದೆ. ಒಂದೇ ಮಾತನ್ನ ಹತ್ತು ಸಲ ಹೇಳೋದೇ ಅಲ್ವೇ ತಕರಾರು?"

ಎರಡನೇ ವಾರ ಮಾತ್ರ ಮಾವ ಕೆಂಡಾಮಂಡಲವಾಗಿ ಮನೆಗೆ ಬಂದರು. "ಜಡ್ಜ್ ಸಾಹೇಬ್ರು ಕೂಡ ನನ್ನ ಯಾವತ್ತೂ 'ಲಾ' ಅಂದಿಲ್ಲ. ಈಯಮ್ಮ ಎಲ್ಲರ ಮುಂದೆ ಲಾ, ಲಾ, ಲಾ ಅಂತ ಮೂರು ಸಲ ಅಂದ್ಬಿಟ್ಳು! ನಾನೇನು ಅವಳ ಮನೆ ಎಮ್ಮೆ ಕಾಯೋನಾ?"

"ಅಪ್ಪಾ, ಅರಬ್ಬಿಲಿ 'ಲಾ' ಅಂದ್ರೆ 'ಅಲ್ಲ' ಅಂತ. ನೀನು ತಪ್ಪು ಹೇಳಿದೀಯ, ಅದಕ್ಕೆ ಅಂದಿದಾರೆ" ಎಂದು ವಿಮಲ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಹೊಟ್ಟೆ ಹಿಡಿಯುವುದೇ ಆಗ ದೊಡ್ಡ ಕೆಲಸ!

ಇನ್ನು ಅರಬ್ಬಿಯ ಗಂಟಲಕ್ಷರಗಳ ಕತೆ. ಅದರಲ್ಲೊಂದು ಅಕ್ಷರ, ಮಾವನ ವಿವರಣೆಯಂತೆ, ಬಿಸಿ ಉಪ್ಪಿಟ್ಟು ಗಂಟಲಿಗೆ ಸಿಕ್ಕಿ, ಎದುರಿಗೆ ಬೀಗರು ಕೂತಿರುವಾಗ ಹೊರಡುವ ಶಬ್ದ. ಅದನ್ನವರು ಬೆಳಿಗ್ಗೆ ಆರಕ್ಕೆ ಬಾಲ್ಕನಿಯಲ್ಲಿ ನಿಂತು ಸಾಧನೆ ಮಾಡುತ್ತಿದ್ದರು. ಮೊದಲ ದಿನ ಅತ್ತೆ ಅಡುಗೆಮನೆಯಿಂದ ಓಡಿ ಬಂದು ಬೆನ್ನಿಗೆ ನಾಲ್ಕು ಗುದ್ದಿದರು. ಎರಡನೇ ದಿನ ಮೆಣಸಿನ ಕಷಾಯ ಕುಡಿಸಿದರು. ಮೂರನೇ ದಿನ ಎದುರು ಬಿಲ್ಡಿಂಗಿನ ಅರಬ್ಬನೊಬ್ಬ ಬಾಲ್ಕನಿಗೆ ಬಂದು, ಅದೇ ಅಕ್ಷರವನ್ನು ಸ್ಪಷ್ಟವಾಗಿ ಉಚ್ಚರಿಸಿ ತೋರಿಸಿ ಒಳಗೆ ಹೋದನಂತೆ. ಪಾಪ, ಅವನಿಗೂ ನಿದ್ದೆ ಬೇಡವೇ?

ನಾಲ್ಕನೇ ವಾರದ ಕಾಗದ ನನ್ನ ಕೈ ಸೇರಿದಾಗ ಮೊದಲ ಸಾಲೇ "ಇಂತಿ ನಿನ್ನ ಮಾವ" ಎಂದಿತ್ತು. ಹೆದರಬೇಡಿ, ಬಲದಿಂದ ಎಡಕ್ಕೆ ಬರೆದು ಬರೆದು ಅಭ್ಯಾಸವಾಗಿ ಕೊನೆಯ ಪುಟದಿಂದ ಶುರು ಮಾಡಿದ್ದರು, ಅಷ್ಟೇ.

ಐದನೇ ವಾರ ತಮಾಷೆ ನಿಂತಿತು. ಹದಿನೈದು ದಿನ ಮುಂಚಿತವಾಗಿ, ಒಂದು ಮಧ್ಯಾಹ್ನ, ವಿಮಲಳಿಗೆ ನೋವು ಬಂದುಬಿಟ್ಟಿತು. ಗಂಡ ಊರಾಚೆಯ ಸೈಟಿನಲ್ಲಿ. ಮನೆಯಲ್ಲಿ ಫೋನಿಲ್ಲ. ಅತ್ತೆ ಮಗಳ ಕೈ ಹಿಡಿದು ದೇವರಾಯನದುರ್ಗದ ನರಸಿಂಹನನ್ನು ಕೂಗತೊಡಗಿದರು. ಮಾವ ಬರಿಗಾಲಲ್ಲಿ ರಸ್ತೆಗೆ ಓಡಿ, ಹೋಗುತ್ತಿದ್ದ ಟ್ಯಾಕ್ಸಿಗೆ ಅಡ್ಡ ನಿಂತರು.

ಡ್ರೈವರು ತಲೆ ಹೊರಗೆ ಹಾಕಿ ಬೈದ. ಮಾವನಿಗೆ 'ಆಸ್ಪತ್ರೆ' ಎಂಬ ಪದ ಬೇಕಾಗಿತ್ತು. ಹಿಂದಿನ ವಾರವಷ್ಟೇ ಇಪ್ಪತ್ತು ಸಲ ಬರೆದಿದ್ದ ಪದ! ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ನೆನಪಿಗೆ ಬಂತು. ಪುಸ್ತಕ ಮೇಜಿನ ಮೇಲಿದೆ. ಕಿಟಕಿ ದೊಡ್ಡದಾಗಿದೆ. ಬೆಕ್ಕು ಕುರ್ಚಿಯ ಕೆಳಗಿದೆ. ಇವನ್ನು ಹೇಳಿ ಏನು ಪ್ರಯೋಜನ? ಮೇಲಿನಿಂದ ಮಗಳು ನರಳುವುದು ಕೇಳಿಸುತ್ತಿತ್ತು. ಮಾವ ಟ್ಯಾಕ್ಸಿಯ ಬಾನೆಟ್ಟಿಗೆ ಎರಡೂ ಕೈ ಊರಿ, ಇದ್ದ ಮೂರು ಪದಗಳನ್ನು ಒಟ್ಟು ಮಾಡಿ ಕೂಗಿದರು: "ಬಿಂತಿ! ತಿಫ್ಲ್! ಹಾದಿರ್!"

ನನ್ನ ಮಗಳು. ಮಗು. ಹಾಜರ್!

ಡ್ರೈವರು ಇಂಜಿನ್ನು ಕೂಡ ಆರಿಸದೆ ಕೆಳಗೆ ಜಿಗಿದ. ಅವನೇ ಮೇಲೆ ಹತ್ತಿ ಬಂದು, ವಿಮಲಳನ್ನು ಒಂದು ಕಡೆಯಿಂದ ಆತುಕೊಂಡು ಇಳಿಸಿ, ಹಾರನ್ನಿನ ಮೇಲಿಟ್ಟ ಕೈ ತೆಗೆಯದೆ ಆಸ್ಪತ್ರೆಗೆ ಮುಟ್ಟಿಸಿದ. ಅವಳನ್ನು ಗಾಡಿಯ ಮೇಲೆ ಒಳಗೆ ತಳ್ಳಿಕೊಂಡು ಹೋದರು, ಜೊತೆಗೆ ಅತ್ತೆಯೂ ಹೋದರು. ಕೌಂಟರಿನವನು ಫಾರಂ ಮುಂದಿಟ್ಟುಕೊಂಡು, ನಿಮ್ಮ ಹೆಸರೇನು ಎಂದು ಮಾವನನ್ನು ಕೇಳಿದ. ಐದು ವಾರದ ಅಭ್ಯಾಸ ನೋಡಿ, ಮಾವ ಸೆಟೆದು ನಿಂತು, "ವಿಮಲಾ!" ಎಂದರು.

ಕೌಂಟರಿನವನು ಪೆನ್ನು ಕೆಳಗಿಟ್ಟು ಅವರ ಮೀಸೆಯನ್ನೇ ನೋಡಿದ. ಹೆರಿಗೆ ಯಾರಿಗೆ ಎಂಬುದು ಇತ್ಯರ್ಥವಾಗುವ ಮೊದಲೇ ಒಳಗೆ ಹೆಣ್ಣುಮಗು ಹುಟ್ಟಿಯಾಗಿತ್ತು.

ಕ್ಲಾಸಿನ ಕೊನೆಯ ದಿನ ವಿಮಲ ಕೂಸನ್ನೆತ್ತಿಕೊಂಡು ಬಿಲ್ಡಿಂಗಿನ ಬಾಗಿಲವರೆಗೆ ಹೋದಳು. ಮೇಡಂ ಮೂರು ಮಹಡಿ ಇಳಿದು ಬಂದು, ನಿಜವಾದ ವಿಮಲಳನ್ನು ಕಂಡು, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಪರೀಕ್ಷೆಯಲ್ಲಿ ಮಾವ ಹನ್ನೆರಡು ಮಂದಿಗೆ ಹನ್ನೆರಡನೆಯವರು. ಹಾಜರಿಯಲ್ಲಿ ಮೊದಲನೆಯವರು!

ಊರಿಗೆ ಬಂದ ಮೇಲೆ ಅವರನ್ನು ಹಿಡಿಯುವವರು ಯಾರು? ನನ್ನನ್ನು ನೋಡಲು ತುಮಕೂರಿಗೆ ಬಂದವರು, ದಾರಿಯಲ್ಲಿದ್ದ ಅತ್ತರಿನ ಅಂಗಡಿಗೆ ನನ್ನನ್ನೂ ಎಳೆದುಕೊಂಡು ನುಗ್ಗಿದರು. ಅಂಗಡಿಯ ಸಾಹೇಬರಿಗೆ ಎದೆಯ ಮೇಲೆ ಕೈಯಿಟ್ಟು, ಕ್ಷೇಮವೇ ಎಂಬರ್ಥದಲ್ಲಿ, "ಕೈಫ ಹಾಲುಕ?" ಎಂದರು. ಸಾಹೇಬರು ವಿನಯದಿಂದಲೇ ಹೇಳಿದರು: "ಹಾಲಾ ಯಜಮಾನ್ರೇ? ಎದುರುಗಡೆ ಬೂತಲ್ಲಿ ಸಿಗ್ತದೆ ನೋಡಿ."

ಆವತ್ತಿನಿಂದ ನಮ್ಮ ನೆಂಟರಲ್ಲಿ ಮಾವನ ಅರಬ್ಬಿ ಎಂದರೆ ನಗೆಹಬ್ಬ. ಯಾರ ಮನೆಗೆ ಹೋದರೂ "ಕೈಫ ಹಾಲುಕ ಬೇಕಾ, ಮೊಸರುಕ ಬೇಕಾ?" ಎಂದು ರೇಗಿಸುವುದು. ನಾನೂ ರೇಗಿಸಿದವನೇ.

ಎಂಬತ್ತರ ದಶಕ ಕಾಲಿಟ್ಟಿತ್ತು. ಮಗುವಿಗೆ ಮೂರು ತುಂಬಿದಾಗ ವಿಮಲ ಮೊದಲ ಸಲ ಅದನ್ನು ಗುಬ್ಬಿಗೆ ಕರೆತಂದಳು. ಮುಂದಿನ ಸಲದ ಕ್ಲಾಸು ಮುಗಿಸಿ ಕೆಲಸಕ್ಕೆ ಸೇರಿದ್ದ ಅವಳಿಗೆ ಆಸ್ಪತ್ರೆಯ ಡ್ಯೂಟಿ, ಹಾಗಾಗಿ ಮಗು ಬೆಳೆದದ್ದೆಲ್ಲ ಕೆಳಗಿನ ಮನೆಯ ಪ್ಯಾಲೆಸ್ತೀನಿ ಸಂಸಾರದಲ್ಲಿ. ತಾಯಿ ಕನ್ನಡದಲ್ಲಿ ಕೇಳಿದರೆ ಅದು ಅರಬ್ಬಿಯಲ್ಲಿ ಉತ್ತರ ಕೊಡುವುದು. ಬಂದ ಮೂರು ದಿನವೂ ನೆಂಟರ ಗುಂಪು ಕಂಡು ಹೆದರಿ, ತಾಯಿಯ ಸೆರಗಿನೊಳಗಿಂದ ಆಚೆ ಬರಲಿಲ್ಲ. ನಮ್ಮ ಗೇಲಿಗೆ ಅಂಜಿ ತಾತ ಕನ್ನಡದಲ್ಲೇ ಕರೆದರು, ಅದಕ್ಕೂ ಬರಲಿಲ್ಲ. ನಾಲ್ಕನೇ ದಿನ ಒಂದು ಭಾನುವಾರ, ನಾನೂ ಅಲ್ಲಿದ್ದೆ. ವಿಮಲ ಹಲ್ಲುನೋವೆಂದು ತುಮಕೂರಿನ ಡಾಕ್ಟರ ಬಳಿ ಹೋದಳು. ಮಾವ ಸಂತೆಗೆ ಹೋಗಿದ್ದರು. ಮಗು ಎದ್ದು ಸುತ್ತ ನೋಡಿ ಅಳಲು ಶುರು ಮಾಡಿತು.

"ಬಿದ್ದಿ ಮೈ! ಬಿದ್ದಿ ಮೈ!"

"ಅಯ್ಯೋ, ಬಿದ್ದೆ ಅಂತಾ ಅದೆ ಕಣ್ರೇ! ಮೈಯೆಲ್ಲ ನೋವಂತೆ!" ಎಂದು ಅತ್ತೆ ಕೂಗಿಕೊಂಡರು. ನಾವೆಲ್ಲ ಮುತ್ತಿಕೊಂಡೆವು. ಒಬ್ಬರು ಮಂಡಿ ನೋಡಿದರು, ಒಬ್ಬರು ಮೊಣಕೈ ಒತ್ತಿದರು, ಒಬ್ಬರು ಅಂಗಿ ಬಿಚ್ಚಿಸಿ ಬೆನ್ನಿಗೆ ಅರಿಶಿನ ಮೆತ್ತಿದರು. ನಾನು ಕಾಂಪೌಂಡರನ್ನು ಕರೆತರಲು ಚಪ್ಪಲಿ ಹಾಕಿಕೊಂಡೆ. ಒತ್ತಿದಷ್ಟೂ ಮಗು ಕಿರುಚುತ್ತಿತ್ತು.

ಅಷ್ಟರಲ್ಲಿ ಮಾವ ಚೀಲ ಹಿಡಿದು ಒಳಗೆ ಬಂದರು. ಒಂದು ಗಳಿಗೆ ನಿಂತು ಕೇಳಿಸಿಕೊಂಡರು. ಚೀಲ ಕೈಯಿಂದ ಜಾರಿತು.

"ಎಲ್ಲೂ ಬಿದ್ದಿಲ್ಲ ಕಣ್ರೇ ಅದು! 'ಬಿದ್ದಿ' ಅಂದ್ರೆ 'ಬೇಕು' ಅಂತ. 'ಮೈ' ಅಂದ್ರೆ ನೀರು. ಬಾಯಾರಿಕೆ ಆಗದೆ ಮಗೀಗೆ, ನೀರ್ ಕೊಡ್ರೋ!"

ಮಗು ಎರಡು ಲೋಟ ನೀರನ್ನು ಒಂದೇ ಉಸಿರಿಗೆ ಕುಡಿಯಿತು. ಬಿಕ್ಕುತ್ತಾ ಮಾವನನ್ನು ನೋಡಿತು. ಮಾವ ನೆಲದ ಮೇಲೆ ಕೂತು ಮೆಲ್ಲಗೆ ಅರಬ್ಬಿಯಲ್ಲಿ ಏನೋ ಹೇಳಿದರು. ನಾವು ಯಾರೂ ನಗಲಿಲ್ಲ. ಮಗು ತಾನಾಗಿ ನಡೆದು ಬಂದು ಅವರ ತೊಡೆಯೇರಿತು. ಆಮೇಲೆ ಶುರುವಾಯಿತು ನೋಡಿ ಮಾತು! ಕೈ ತಿರುಗಿಸುತ್ತಾ, ಕಣ್ಣರಳಿಸುತ್ತಾ, ಮೂರು ದಿನದಿಂದ ಕಟ್ಟಿಟ್ಟುಕೊಂಡದ್ದನ್ನೆಲ್ಲ ಸುರಿಯಿತು. ಮಾವ "ನಅಮ್, ನಅಮ್" ಎಂದು, ಹೌದು ಹೌದು ಎಂದು ತಲೆದೂಗುತ್ತಲೇ ಇದ್ದರು.

ನಾನು ಪಕ್ಕಕ್ಕೆ ಹೋಗಿ ಕೂತು ಕೇಳಿದೆ: "ಏನ್ ಹೇಳ್ತಾ ಅವ್ಳೆ ಮಾವ?"

ಮಾವ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. "ಮುಕ್ಕಾಲು ಪಾಲು ಗೊತ್ತಾಗ್ತಿಲ್ಲ ಕಣೋ. ಮಾತಾಡ್ಲಿ ಬುಡು. ಬಂದು ಮೂರು ದಿನ ಆಯ್ತು, ಪಾಪ, ಇದು ಹೇಳೋದನ್ನ ಒಬ್ರೂ ಕೂತು ಕೇಳಿಲ್ಲ."

ಮಗು ತನ್ನೆರಡು ಪುಟ್ಟ ಕೈಗಳಿಂದ ಅವರ ಗಲ್ಲ ಹಿಡಿದು, ಮುಖವನ್ನು ಮತ್ತೆ ತನ್ನ ಕಡೆಗೆ ತಿರುಗಿಸಿಕೊಂಡಿತು.