ಮಾಮಿಯ ಮೌನ ಮತ್ತು ನಮ್ಮ ಮನೆಯ ಇಲಿಗಳು

ಹಾರ್ಡ್‌ವೇರ್ ಅಂಗಡಿ ಇಟ್ಟವನಿಗೆ ಊರಿನ ಎಲ್ಲ ಮನೆಗಳ ತೂತುಗಳ ಸಮಾಚಾರ ತಾನಾಗಿಯೇ ಬರುತ್ತದೆ. ಹಿರಿಯಡ್ಕದ ನನ್ನ ಅಂಗಡಿಗೆ ಜನ ಮೊಳೆ ಕೇಳಲು ಬಂದು ಇಲಿಯ ಕಥೆ ಹೇಳಿ ಹೋಗುತ್ತಾರೆ. ನಾನೂ ದೊಡ್ಡ ತಜ್ಞನಂತೆ ಸಲಹೆ ಕೊಡುತ್ತೇನೆ. ಕುಕ್ಕುಂದೂರಿನ ನನ್ನ ಮನೆಯಲ್ಲಿ ಇದೇ ತಜ್ಞನ ಗತಿ ಏನಾಯಿತು ಎಂಬುದು ಅವರಿಗೆ ಗೊತ್ತಿಲ್ಲ. ಗೊತ್ತಾದರೆ ಮೊಳೆಯನ್ನೂ ಬೇರೆ ಅಂಗಡಿಯಲ್ಲೇ ಕೊಂಡಾರು.

೧. ಚಹಾ ಆರುತ್ತದೆ

ಅತ್ತೆಗೆ ಮಂಡಿನೋವು ಜೋರಾದ ಮೇಲೆ ನನ್ನ ಹೆಂಡತಿ ಅವರನ್ನು ಕಾಪುವಿನಿಂದ ನಮ್ಮಲ್ಲಿಗೇ ಕರೆತಂದಳು. ತುಳುವಿನಲ್ಲಿ ಅತ್ತೆಯನ್ನು ಮಾಮಿ ಎನ್ನುತ್ತೇವೆ. ಮಾಮಿಯ ಜೊತೆ ಒಂದು ಚೀಲ ಬಟ್ಟೆ, ಒಂದು ಬುಟ್ಟಿ, ಬುಟ್ಟಿಯೊಳಗೆ ಒಂದು ಬಿಳಿ ಬೆಕ್ಕು ಬಂದವು.

ಅವರು ಬರುವ ಮೊದಲೇ ನಾನು ಅಟ್ಟದಲ್ಲಿ ಇಲಿ ಪಾಷಾಣ ಇಟ್ಟಿದ್ದೆ. ಇಟ್ಟದ್ದನ್ನು ಮರೆತೂ ಬಿಟ್ಟಿದ್ದೆ. ಪಾಷಾಣ ತಿಂದ ಇಲಿಯನ್ನು ಬೆಕ್ಕು ತಿಂದಿತು. ಎರಡೇ ದಿನದಲ್ಲಿ ಅದನ್ನು ಪೇರಳೆ ಮರದ ಬುಡದಲ್ಲಿ ಮಣ್ಣು ಮಾಡಿದೆವು. ಮಾಮಿ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಸೆರಗಿನಿಂದ ಕಣ್ಣು ಒರೆಸಿಕೊಂಡು ಒಳಗೆ ಹೋದರು, ಅಷ್ಟೆ. ಅಂದೇ ಅಂಗಡಿಯಲ್ಲಿದ್ದ ಪಾಷಾಣದ ಪೊಟ್ಟಣಗಳನ್ನೆಲ್ಲ ಕಟ್ಟಿ ಏಜೆಂಟನಿಗೆ ವಾಪಸ್ ಕೊಟ್ಟೆ. ಮನೆಗೆ ಬಂದು, "ತಪ್ಪಾಯಿತು ಮಾಮಿ, ಇನ್ನು ಈ ಮನೆಯಲ್ಲಿ ಪಾಷಾಣ ಇಲ್ಲ" ಎಂದೆ. ಮಾಮಿ ಮಗಳ ಕಡೆ ತಿರುಗಿ, ರಾತ್ರಿಗೆ ಅಕ್ಕಿ ಎಷ್ಟು ಹಾಕಲಿ ಎಂದು ಕೇಳಿದರು.

ಹಿಂದಿನ ಕಾಲದಲ್ಲಿ ಅತ್ತೆ, ಅಳಿಯ ಎದುರೆದುರು ಮಾತಾಡುತ್ತಿರಲಿಲ್ಲವಂತೆ. ಆ ಪದ್ಧತಿಯನ್ನು ಮಾಮಿ ನನ್ನೊಬ್ಬನಿಗಾಗಿ ಮತ್ತೆ ಶುರು ಮಾಡಿದರು. ಊಟ, ತಿಂಡಿ ಎಲ್ಲ ಸರಿಯಾಗಿ ನಡೆಯುತ್ತಿತ್ತು, ಮಾತು ಮಾತ್ರ ಇಲ್ಲ. ಇಲಿಗಳು ಹೋಗಬೇಕು ಎನ್ನುವುದಕ್ಕಿಂತ ಮಾಮಿ ನನ್ನ ಮುಖ ನೋಡಿ ಒಂದು ಸಲ "ನೀವು" ಎನ್ನಬೇಕು ಎಂಬುದೇ ನನಗೆ ದೊಡ್ಡ ಆಸೆಯಾಯಿತು.

ಒಂದು ಬೆಳಿಗ್ಗೆ ಚಹಾದ ಲೋಟವನ್ನು ನನ್ನ ಕೈಯಿಂದ ಒಂದು ಗೇಣು ದೂರದಲ್ಲಿಟ್ಟು, ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದ ಮಗಳಿಗೆ ಕೂಗಿ ಹೇಳಿದರು: "ನಿನ್ನ ಗಂಡನಿಗೆ ಹೇಳು, ಚಹಾ ಆರುತ್ತದೆ!"

"ಆಯ್ತಮ್ಮಾ, ಬಂದು ಹೇಳ್ತೇನೆ" ಎಂದಳು ಹೆಂಡತಿ. ಅವಳು ಬಂದು ಹೇಳುವಾಗ ಆರಿತ್ತು.

೨. ಪಾತ್ರೆ ಮತ್ತು ಗೋಡೆ

ಪಾಷಾಣ ಬೇಡವೆಂದ ಮೇಲೆ ಇಲಿ ಒಳಗೆ ಬಾರದಂತೆ ನೋಡಿಕೊಳ್ಳುವುದೇ ದಾರಿ. ಪೆನ್ಸಿಲ್ ತೂರುವಷ್ಟು ಸಂದಿ ಸಿಕ್ಕಿದರೆ ಇಲಿಮರಿಗೆ ಸಾಕು. ಅದು ಬಟ್ಟೆ ಕಡಿಯುತ್ತದೆ, ಬಾಗಿಲು ಕಡಿಯುತ್ತದೆ, ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರ್ ಕಡಿಯಲು ಮಾತ್ರ ಅದಕ್ಕೆ ಮನಸ್ಸು ಬರುವುದಿಲ್ಲ. ಗಿರಾಕಿಗಳಿಗೆ ನಾನು ಹೇಳುವ ಮೊದಲ ಉಪಾಯ ಇದು.

ಒಂದು ಭಾನುವಾರ ಅಂಗಡಿಯಿಂದ ಹನ್ನೆರಡು ಸ್ಕ್ರಬ್ಬರ್ ತಂದು ಸಿಂಕಿನ ಪೈಪಿನ ಸುತ್ತ, ವಯರ್ ಬರುವ ತೂತಿಗೆ, ಕಿಟಕಿಯ ಸಂದಿಗೆಲ್ಲ ತುರುಕಿದೆ. ಹನ್ನೆರಡೂ ಮುಗಿದವು, ತೂತು ಮುಗಿಯಲಿಲ್ಲ. ಕೆಲಸದ ಹುಮ್ಮಸ್ಸಿನಲ್ಲಿ ಸಿಂಕಿನ ಪಕ್ಕದಲ್ಲಿದ್ದ, ಪಾತ್ರೆ ತಿಕ್ಕುವ ಸ್ಕ್ರಬ್ಬರನ್ನೂ ತೆಗೆದು ಸ್ಟೋರಿನ ಮೂಲೆಯ ತೂತಿಗೆ ತುರುಕಿದೆ. ನನಗೇ ನನ್ನ ಮೇಲೆ ಹೆಮ್ಮೆಯಾಯಿತು.

ಮಧ್ಯಾಹ್ನ ಊಟವಾದ ಮೇಲೆ ಮಾಮಿ ಮೀನು ಸಾರಿನ ಪಾತ್ರೆ ಹಿಡಿದುಕೊಂಡು ಸಿಂಕಿನ ಆಚೆ ಈಚೆ ಹುಡುಕಿದರು. ಆಮೇಲೆ ಗೋಡೆಯ ತುಂಬ ಮಿನುಗುತ್ತಿದ್ದ ಸ್ಟೀಲನ್ನು ನೋಡಿದರು. ನಾನು ಅಲ್ಲೇ ಕೈ ತೊಳೆಯುತ್ತಿದ್ದೆ.

ಮಗಳ ಕಡೆ ತಿರುಗಿ, "ಇನ್ನು ಪಾತ್ರೆಯನ್ನು ಗೋಡೆಗೆ ಒಯ್ದು ತಿಕ್ಕಬೇಕಾ ಅಂತ ಕೇಳು" ಎಂದರು.

೩. ನೀವು ಹೇಳಿದ್ದು

ಸ್ಕ್ರಬ್ಬರಿನ ಮೇಲೆ ಸಿಮೆಂಟ್ ಮೆತ್ತಿಸಲು ಬಾಗಲಕೋಟೆ ಕಡೆಯ ಒಬ್ಬ ಗಾರೆ ಕೆಲಸದವನನ್ನು ಕರೆಸಿದೆ. ಅವನ ಕೆಲಸ ಬಹಳ ಅಚ್ಚುಕಟ್ಟು. ಬಚ್ಚಲಿನ ನೀರು ಹೋಗುವ ಬಾಯಿಗೆ ಜಾಲರಿ ಕೂರಿಸಿದ, ಹಿಂದಿನ ಬಾಗಿಲಿನ ಕೆಳಗೆ ತಗಡಿನ ಪಟ್ಟಿ ಹೊಡೆದ, ಹಂಚಿನ ಮಾಡಿಗೆ ತಾಗುತ್ತಿದ್ದ ಪೇರಳೆಯ ಗೆಲ್ಲನ್ನೂ ಕಡಿದ. ಮಾಮಿಗೆ ಅವನೆಂದರೆ ಬಹಳ ಪ್ರೀತಿ. ಅವನ ಊರು, ಅವನ ತಾಯಿ, ಅಲ್ಲಿಯ ರೊಟ್ಟಿ, ಎಲ್ಲ ಕೇಳಿ ನೀರುದೋಸೆ ಬಡಿಸಿದರು. ನೇರವಾಗಿ, ಎದುರಿಗೆ ಕೂತು, ಅರ್ಧ ಗಂಟೆ ಮಾತಾಡಿದರು. ಸುಳ್ಳು ಹೇಳಬಾರದು, ನನಗೆ ಹೊಟ್ಟೆಕಿಚ್ಚಾಯಿತು.

ಸಂಜೆ ಎಲ್ಲ ತೂತು ಮುಚ್ಚಿ ಅವನು ಕೈ ತೊಳೆಯುತ್ತಿದ್ದಾಗ ಸ್ಟೋರಿನಲ್ಲಿ ಅಕ್ಕಿ ಡ್ರಮ್ಮಿನ ಹಿಂದೆ ಪರಪರ ಸದ್ದು. ಇಣುಕಿ ನೋಡಿದರೆ ಇಲಿ. ಅದೂ ಗಾಬರಿಯಲ್ಲಿತ್ತು, ನಿನ್ನೆಯವರೆಗೆ ಇದ್ದ ದಾರಿ ಅದಕ್ಕೆ ಸಿಗುತ್ತಿರಲಿಲ್ಲ.

"ಎಂತ ಮಾರಾಯ ಇದು? ಇಲಿ ಒಳಗೇ ಉಂಟಲ್ಲ!" ಎಂದೆ.

ಅವನು ಶಾಂತವಾಗಿ ಹೇಳಿದ: "ಸಾಹೇಬ್ರ, ಒಳಗ ಬರಬಾರ್ದು ಅಂದ್ರಿ, ಬರದಂಗ ಮಾಡೇನಿ. ಒಳಗ ಇದ್ದದ್ದು ಹೊರಗ ಹೋಗೋದರ ಬಗ್ಗೆ ನೀವು ಏನೂ ಹೇಳಿಲ್ರೀ."

೪. ಮಣಿಪಾಲದ ಮೂಲಕ

ಹೆಂಡತಿ ಶಾಲೆಯಲ್ಲಿ ಟೀಚರ್. ಆ ವಾರವೇ ಅವಳಿಗೆ ಮಣಿಪಾಲದಲ್ಲಿ ಎರಡು ದಿನ ತರಬೇತಿ. ಮನೆಯಲ್ಲಿ ಉಳಿದದ್ದು ಮಾಮಿ, ನಾನು, ಇಲಿ. ಮಾತು ದಾಟಿಸುವವರೇ ಇಲ್ಲ. ಈಗಲಾದರೂ ಮಾಮಿ ನನ್ನೊಡನೆ ಮಾತಾಡಲೇಬೇಕು ಎಂದು ಒಳಗೊಳಗೇ ಖುಷಿಪಟ್ಟೆ.

ಮಧ್ಯಾಹ್ನ ನನ್ನ ಫೋನ್ ರಿಂಗಾಯಿತು. ಹೆಂಡತಿ. "ಊಟಕ್ಕೆ ಬರಬೇಕಂತೆ."

"ಎಲ್ಲಿಗೆ?"

"ಅಡುಗೆಮನೆಗೆ. ಅಮ್ಮ ಈಗ ಫೋನ್ ಮಾಡಿ ಹೇಳಿದರು."

ನಾನು ಕೂತಿದ್ದ ಕುರ್ಚಿಯಿಂದ ಅಡುಗೆಮನೆಗೆ ಏಳು ಹೆಜ್ಜೆ. ಆ ಮಾತು ಮಣಿಪಾಲಕ್ಕೆ ಹೋಗಿ ಬಂದಿತ್ತು.

ಊಟ ಮಾಡುತ್ತಿದ್ದಾಗ ಕಪಾಟಿನ ಕೆಳಗಿಂದ ಇಲಿ ಹೊರಟಿತು. ನಾನು ಹಿಂಬಾಗಿಲು ತೆರೆದು, ಗುಡಿಸುವ ಹಿಡಿಸೂಡಿ ಹಿಡಿದು ನಿಂತೆ. ಮಾಮಿ ಸ್ಟೂಲಿನ ಮೇಲೆ ಕಾಲೆತ್ತಿ ಕೂತು ಕಿವಿಗೆ ಫೋನ್ ಇಟ್ಟುಕೊಂಡರು. ನನ್ನ ಫೋನೂ ಬಡಿದುಕೊಂಡಿತು. ಹೆಂಡತಿ ಒಂದು ಕಡೆ ಅಮ್ಮನನ್ನು, ಇನ್ನೊಂದು ಕಡೆ ನನ್ನನ್ನು ಸೇರಿಸಿಕೊಂಡು, ತರಬೇತಿ ಕೋಣೆಯ ಹೊರಗೆ ನಿಂತು ಪಿಸುಗುಟ್ಟುತ್ತಿದ್ದಳು. "ಬಲಗಡೆಗೆ ಹೋಯಿತಂತೆ." ನಾನು ಬಲಕ್ಕೆ ಬಡಿದೆ. "ಅಲ್ಲವಂತೆ, ಈಗ ಗ್ಯಾಸಿನ ಹಿಂದೆ ಉಂಟಂತೆ." ಅಲ್ಲಿಗೆ ಓಡಿದೆ. "ನಿಮ್ಮ ಕಾಲ ಮೇಲಿನಿಂದ ಹೋಯಿತಂತೆ."

"ಅದು ನನಗೆ ಗೊತ್ತಾಯಿತು ಮಾರಾಯ್ತಿ!" ಎಂದು ಕಿರುಚಿದೆ.

೫. ಬೋನಿನ ಊಟ

ಕೊನೆಗೆ ಅಂಗಡಿಯಿಂದ ಒಂದು ಇಲಿಬೋನು ತಂದೆ. ಜೀವಂತ ಹಿಡಿಯುವ ತಂತಿಯ ಬೋನು. ಸುಟ್ಟ ಕೊಬ್ಬರಿಯ ಒಂದು ಚೂರು ಕೊಕ್ಕೆಗೆ ಸಿಕ್ಕಿಸಿ ಮಲಗಿದೆ.

ಬೆಳಿಗ್ಗೆ ನೋಡಿದರೆ ಬೋನು ಖಾಲಿ. ಬಾಗಿಲು ತೆರೆದೇ ಇದೆ. ಮರುದಿನವೂ ಹಾಗೆಯೇ. ಮೂರನೆಯ ದಿನ ಬೋನಿನೊಳಗೆ ಎರಡು ಅನ್ನದ ಅಗುಳು, ಒಂದು ಮೀನಿನ ಮುಳ್ಳು, ಬಾಟಲಿಯ ಮುಚ್ಚಳದಲ್ಲಿ ಒಂದಿಷ್ಟು ನೀರು ಕಂಡವು. ನಾನು ಹೆಂಡತಿಯ ಮುಖ ನೋಡಿದೆ, ಅವಳು ತಾಯಿಯ ಮುಖ ನೋಡಿದಳು.

ಸಿಕ್ಕಿಬಿದ್ದ ಜೀವ ಬೆಳಗಾಗುವವರೆಗೆ ಉಪವಾಸ ಇರಬಾರದೆಂದು ಮಾಮಿ ದಿನಾ ಊಟ ಬಡಿಸುತ್ತಿದ್ದರು. ಅನ್ನ ತುಂಬಿ ಬಾಗಿಲಿನ ಸ್ಪ್ರಿಂಗ್ ಕೆಲಸ ಮಾಡುತ್ತಿರಲಿಲ್ಲ. ಇಲಿ ಬರುತ್ತಿತ್ತು, ಉಣ್ಣುತ್ತಿತ್ತು, ನೀರು ಕುಡಿಯುತ್ತಿತ್ತು, ಹೋಗುತ್ತಿತ್ತು.

"ಅಮ್ಮಾ, ಬೋನಿನಲ್ಲಿ ಯಾರಾದರೂ ಊಟ ಬಡಿಸ್ತಾರಾ?" ಎಂದಳು ಹೆಂಡತಿ.

ಮಾಮಿ ನನ್ನ ಕಡೆ ಕೈ ತೋರಿಸಿದರು. "ಬರೀ ಕೊಬ್ಬರಿ ಚೂರು ಇಟ್ಟು ಮನೆಗೆ ಕರೆದವರು ಯಾರು ಅಂತ ಅವರ ಹತ್ತಿರ ಕೇಳು!"

ಬೆಕ್ಕಿಗಾಗಿ ಅತ್ತವರ ಮನಸ್ಸು ಇಲಿಗೂ ಮರುಗುತ್ತದೆಂದು ನನಗೆ ಅಂದೇ ತಿಳಿದದ್ದು. ಆಮೇಲೆ ಊಟವನ್ನು ಸ್ಪ್ರಿಂಗಿಗೆ ತಾಗದಂತೆ ಬೋನಿನ ಹಿಂದುಗಡೆ ಇಡುವುದೆಂದು ರಾಜಿಯಾಯಿತು. ಎರಡು ವಾರದಲ್ಲಿ ಮೂರು ಇಲಿ ಸಿಕ್ಕಿದವು. ಒಳಗೆ ಉಳಿದದ್ದು ಒಂದಲ್ಲ, ಒಂದು ಸಂಸಾರ.

೬. ಸೇತುವೆಯ ಮೇಲೆ

ಹಿಡಿದ ಇಲಿಯನ್ನು ಹೊಳೆ ದಾಟಿಸಿ ಬಿಡಬೇಕು, ಇಲ್ಲದಿದ್ದರೆ ತಿರುಗಿ ಬರುತ್ತದೆ ಎನ್ನುತ್ತಾರೆ. ನಾನೂ ಗಿರಾಕಿಗಳಿಗೆ ಅದನ್ನೇ ಹೇಳುವುದು. ಮೊದಲಿನ ಎರಡನ್ನು ಅಂಗಡಿಗೆ ಹೋಗುವಾಗ ದಾರಿಯ ಸೇತುವೆ ದಾಟಿ ಆಚೆಯ ಪೊದೆಯಲ್ಲಿ ಬಿಟ್ಟಿದ್ದೆ. ಮೂರನೆಯದು ಸಿಕ್ಕಿದ್ದು ಭಾನುವಾರ. ನಿಜವಾಗಿಯೂ ಜೀವಂತ ಬಿಡುತ್ತೇನೋ ಇಲ್ಲವೋ ನೋಡಬೇಕೆಂದು ಮಾಮಿಯೂ ಹೊರಟರು. "ಸ್ಕೂಟರ್ ನಿಧಾನ ಬಿಡಲಿಕ್ಕೆ ಹೇಳು" ಎಂದು ಮಗಳಿಗೆ ಹೇಳಿ ಸ್ಕೂಟರಿನ ಹಿಂದೆ ಕೂತರು, ತೊಡೆಯ ಮೇಲೆ ಬೋನು.

ಸೇತುವೆಯ ನಡುವೆ ಆಚೆಯಿಂದ ಒಬ್ಬರು ನಡೆದು ಬರುತ್ತಿದ್ದರು. ಅವರ ಕೈಯಲ್ಲೂ ಬೋನು. ನನ್ನ ಅಂಗಡಿಯದ್ದೇ. ಒಳಗೆ ಇಲಿ.

ನನ್ನನ್ನು ನೋಡಿ ಅವರ ಮುಖ ಅರಳಿತು. "ಓಹೋ, ನೀವಾ! ನಮ್ಮ ಮನೆ ಇಲ್ಲೇ, ಸೇತುವೆಯ ಆಚೆ. ಇಷ್ಟು ವರ್ಷ ಒಂದೂ ಇಲಿ ಇರಲಿಲ್ಲ. ಈ ತಿಂಗಳು ಎಲ್ಲಿಂದ ಬರ್ತವೋ ಮಾರಾಯ್ರೆ! ನೀವು ಹೇಳಿದ ಹಾಗೆ ಹೊಳೆ ದಾಟಿಸಿ ಬಿಡ್ತಾ ಇದ್ದೇನೆ, ನಿಮ್ಮ ಬದಿಗೆ."

ಅಷ್ಟರಲ್ಲಿ ಅವರ ಕಣ್ಣು ಮಾಮಿಯ ತೊಡೆಯ ಮೇಲೆ ಬಿತ್ತು. ಎರಡೂ ಇಲಿಗಳು ತಂತಿಗೆ ಮೂಗು ಹಚ್ಚಿ ಒಂದನ್ನೊಂದು ನೋಡುತ್ತಿದ್ದವು. ಅವರ ಮುಖ ಕೆಂಪಾಯಿತು. "ಹಾಗಾದರೆ ಇವೆಲ್ಲ..." ಎಂದರು. ನನಗೆ ಹೊಳೆಗೆ ಹಾರುವುದೇ ಒಳ್ಳೆಯದೆನಿಸಿತು.

ಮಾಮಿ ನಗಲು ಶುರು ಮಾಡಿದರು. ಬೆಕ್ಕು ಹೋದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿರಲಿಲ್ಲ. ಸ್ಕೂಟರಿನಿಂದ ಇಳಿದು ಸೇತುವೆಯ ಕಟ್ಟೆಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರ ನಗು ನೋಡಿ ಆ ಗಿರಾಕಿಯೂ ನಕ್ಕರು. ಎರಡು ಬೋನಿನವರೂ ಸೇರಿ ಮನೆಗಳೇ ಇಲ್ಲದ ಗುಡ್ಡೆಗೆ ಹೋಗಿ ಇಲಿಗಳನ್ನು ಬಿಟ್ಟದ್ದು ಆಮೇಲಿನ ಮಾತು.

ಸೆರಗಿನಿಂದ ಕಣ್ಣು ಒರೆಸಿಕೊಂಡು ಮಾಮಿ ನನ್ನ ಕಡೆ ತಿರುಗಿ ಹೇಳಿದರು: "ನೀವು ಎಂತ ನೋಡ್ತಾ ನಿಂತದ್ದು? ಇಬ್ಬರೂ ಬೋನು ಬದಲಾಯಿಸಿಕೊಂಡು ಮನೆಗೆ ಹೋಗಿ. ಇಲಿಗಳಿಗಾದರೂ ನಡೆಯುವುದು ತಪ್ಪುತ್ತದೆ."

ಅಭ್ಯಾಸ ನೋಡಿ, ಯಾರಿಗೆ ಹೇಳಿದರೆಂದು ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ಕೇಳಿಸಿದ್ದರೂ ಇನ್ನೊಮ್ಮೆ ಕೇಳಬೇಕೆನಿಸಿತು.

"ಎಂತ ಹೇಳಿದ್ದು, ಮಾಮಿ?"

ಮಾಮಿ ನನ್ನ ಮುಖವನ್ನೇ ನೋಡಿ ಹೇಳಿದರು: "ಯಾಕೆ, ನಿಮಗೆ ಮಣಿಪಾಲದಿಂದ ಬಂದರೆ ಮಾತ್ರ ಕೇಳುವುದಾ?"