ಮಾತು ಕೇಳುವ ಬೆರ್ಚಪ್ಪ

ಇರಲಾರದೆ ಇರುವೆ ಬಿಟ್ಟುಕೊಂಡರು ಎಂಬ ಮಾತು ನಮ್ಮ ಗುಮಾಸ್ತರಂಥವರನ್ನು ನೋಡಿಯೇ ಹುಟ್ಟಿರಬೇಕು. ಊರಿಗೆಲ್ಲ ರೋಗ ಹಬ್ಬಿ, ವಿಮಾ ಕಚೇರಿಗೆ ಬೀಗ ಬಿದ್ದು, ಅವರು ಮನೆ ಸೇರಿದ್ದರು. ಹೆಂಡತಿ ಹಳೆ ಬಟ್ಟೆಗಳನ್ನು ಗುಡ್ಡೆ ಹಾಕಿಕೊಂಡು ತನ್ನ ಪಾಡಿಗೆ ತಾನು ಕೌದಿ ಹೊಲಿಯುತ್ತಿದ್ದಳು. ಇವರು ಸುಮ್ಮನಿದ್ದಿದ್ದರೆ ಆಗುತ್ತಿತ್ತು.

"ಇದೇನೇ, ಹೊಲಿಗೆ ಹೀಗೆ ಸೊಟ್ಟಂಬಟ್ಟ ಹೋಗಿದೆ?" ಎಂದುಬಿಟ್ಟರು.

"ಹಾಗಾದ್ರೆ ಹೊರಗೆ ನಾಲ್ಕು ಗಿಡ ಹಾಕಿ, ಅವಕ್ಕೆ ಬುದ್ಧಿ ಹೇಳಿ. ಅವು ಎದುರು ಮಾತಾಡಲ್ಲ," ಎಂದಳು ಹೆಂಡತಿ.

ಗುಮಾಸ್ತರು ಮನೆಮುಂದಿನ ಅಂಗೈಯಗಲದ ಜಾಗದಲ್ಲಿ ಬೀನ್ಸು, ಟೊಮೇಟೊ ಹಾಕಿದರು. ವಸಂತದ ಬಿಸಿಲಿಗೆ ಸಸಿಗಳು ತಲೆ ಎತ್ತುವುದೇ ತಡ, ಕಾಗೆಗಳು ಬಂದು ಕಿತ್ತೆಸೆದವು. ಕೊನೆಗೆ ಹೆಂಡತಿಯೇ ಕನಿಕರಪಟ್ಟು ಒಂದು ಬೆರ್ಚಪ್ಪನನ್ನು ಹೊಲಿದುಕೊಟ್ಟಳು. ಗಂಡನ ಹಳೆ ಕೋಟು, ಹಳೆ ಪ್ಯಾಂಟು, ಒಳಗೆ ಕೌದಿಯ ಚಿಂದಿ. ಮುಖಕ್ಕೆ ಕಪ್ಪು ದಾರದ ಕಣ್ಣು, ಎಡಹುಬ್ಬಿನ ಮೇಲೆ ಗಂಡನಿಗಿರುವಂಥದೇ ಮಚ್ಚೆ. ಗಂಡನಿಗೆ ಹೊಲಿದ ಬಟ್ಟೆಯಲ್ಲೇ ಅದಕ್ಕೂ ಒಂದು ಮಾಸ್ಕು. ಊರಿಗೆ ಊರೇ ಅರ್ಧ ಮುಖದಲ್ಲಿ ಬದುಕುತ್ತಿದ್ದ ಕಾಲವದು. ಕಣ್ಣು, ಕೋಟು ಹೊಂದಿಕೆಯಾದರೆ ಇಂಥವರೇ ಎಂದು ಜನ ನಂಬುತ್ತಿದ್ದರು.

ಬೆರ್ಚಪ್ಪನನ್ನು ಪಾತಿಯ ನಡುವೆ ಕೋಲಿಗೆ ಕಟ್ಟಿ ನಿಲ್ಲಿಸಿದ ಕೆಲವು ದಿನಕ್ಕೆ, ಒಂದು ಬೆಳಿಗ್ಗೆ ಗುಮಾಸ್ತರು ಗಿಡಕ್ಕೆ ನೀರು ಹಾಕುತ್ತಿದ್ದಾಗ ಪಕ್ಕದ ಮನೆಯ ಮೇಷ್ಟ್ರು ಬೇಲಿಯ ಹತ್ತಿರ ಬಂದು ತಮ್ಮ ಬೆನ್ನುನೋವಿನ ಪುರಾಣ ತೆಗೆದರು. ಗುಮಾಸ್ತರು ಮೆಲ್ಲಗೆ ಜಾರಿಕೊಳ್ಳಲು ನೋಡಿದರು.

"ಏನ್ರೀ ಇದು? ನಿನ್ನೆ ಅಷ್ಟು ತಾಳ್ಮೆಯಿಂದ ಕೇಳಿದೋರು ಇವತ್ತು ಅರ್ಧಕ್ಕೇ ಹೊರಟ್ರಲ್ಲ?"

"ನಿನ್ನೆ ನಾನು ಹೊರಗೇ ಬಂದಿಲ್ಲ ಮೇಷ್ಟ್ರೇ. ನೀವು ಮಾತಾಡಿದ್ದು ಬೆರ್ಚಪ್ಪನ ಹತ್ರ."

"ಬೆರ್ಚಪ್ಪ ತಲೆ ಆಡಿಸುತ್ತೇನ್ರೀ?"

"ಗಾಳಿಗೆ ಆಡಿರುತ್ತೆ."

"ಆಯ್ತು, ಗಾಳಿಗೇ ಆಡ್ತು ಅನ್ನಿ. ನೋವು ಸೊಂಟಕ್ಕಿಳೀತು ಅಂದ ಕೂಡ್ಲೇ 'ಅಯ್ಯೋ ಪಾಪ' ಅಂದಿತಲ್ಲ, ಅದೂ ಗಾಳೀನಾ?"

ಗುಮಾಸ್ತರು ನಗಲು ಹೊರಟರು. ಅಷ್ಟರಲ್ಲಿ ಎದುರುಮನೆಯ ಮಹಡಿ ಕಿಟಕಿಯಿಂದ ಅಜ್ಜಿ ಕೂಗಿ ಹೇಳಿದರು. "ನಿನ್ನೆ ಕೂತ್ಕೊಂಡು ಕಳೆ ಕಿತ್ತೆಯಲ್ಲಪ್ಪ, ಎಷ್ಟು ಚೊಕ್ಕ ಮಾಡಿದ್ದೀಯಾ! ನಿನ್ನ ಕೈಲಿ ಇಂಥ ಕೆಲ್ಸ ಆಗುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ."

ಗುಮಾಸ್ತರು ಪಾತಿಯ ಕಡೆ ನೋಡಿದರು. ಒಂದೇ ಒಂದು ಕಳೆ ಇರಲಿಲ್ಲ. ಬೆರ್ಚಪ್ಪನ ಕಡೆ ನೋಡಿದರು. ಪ್ಯಾಂಟಿನ ಎರಡು ಮಂಡಿಗೂ ಹಸಿಮಣ್ಣು ಮೆತ್ತಿತ್ತು. ಬೀದಿಯ ಕಡೆ ಮುಖ ಮಾಡಿ ನಿಲ್ಲಿಸಿದ್ದ ಬೊಂಬೆ ಈಗ ಅಡುಗೆಮನೆಯ ಕಿಟಕಿಯನ್ನೇ ನೋಡುತ್ತಿತ್ತು.

ಓಡೋಡಿ ಒಳಗೆ ಬಂದು, "ಆ ಬೆರ್ಚಪ್ಪನ್ನ ಕಿತ್ತು ಬಿಸಾಕೋಣ ಕಣೇ," ಎಂದರು.

"ಯಾಕ್ರೀ? ಈ ಬೀದೀಲಿ ಹೇಳಿದ್ದು ಕೇಳಿಸ್ಕೊಳ್ಳೋ ಗಂಡಸು ಅಂದ್ರೆ ಅದೊಂದೇ ಅಂತೆ."

"ನೀನೂ ಅದರ ಹತ್ರ ಮಾತಾಡಿದ್ಯಾ?"

"ನಿಮ್ಮ ಹತ್ರ ಮಾತಾಡ್ತಿದ್ದೀನಿ ಅಂದ್ಕೊಂಡಿದ್ದೆ. ನಿನ್ನೆ ಕೌದಿ ನೋಡಿ, ಎಷ್ಟು ಚೆನ್ನಾಗಿದೆ ಅಂದ್ರಿ." ಹೆಂಡತಿ ಸೂಜಿಗೆ ದಾರ ಪೋಣಿಸಿದಳು. "ಆಗಲೇ ನಂಗೆ ಅನುಮಾನ ಬರಬೇಕಿತ್ತು."

ಗುಮಾಸ್ತರಿಗೆ ಹೆದರಿಕೆಗಿಂತ ಹೊಟ್ಟೆಕಿಚ್ಚೇ ಜಾಸ್ತಿಯಾಯಿತು. ಮದುವೆಯಾದಾಗಿನಿಂದ ತಾವು ಆಡದ ಮಾತನ್ನು ಒಂದು ಚಿಂದಿಮೂಟೆ ಆಡಿ ಹೋಗುವುದೆಂದರೇನು? ಇದು ಮೇಷ್ಟ್ರ ಕಿತಾಪತಿಯೇ ಇರಬೇಕು, ಕೈಯಾರೆ ಹಿಡಿದೇ ತೀರಬೇಕು ಎಂದು ಹಟ ತೊಟ್ಟರು. ಹೆಂಡತಿ ಸ್ನಾನಕ್ಕೆ ಹೋದ ಹೊತ್ತು ನೋಡಿ ಬೆರ್ಚಪ್ಪನನ್ನು ಕೋಲಿನಿಂದ ಬಿಡಿಸಿ, ಅದರ ಕೋಟು ಕಳಚಿ, ಬೊಂಬೆಯನ್ನು ಒಳಗೆ ತಮ್ಮ ಆರಾಮಕುರ್ಚಿಯ ಮೇಲೆ ಹಾಕಿದರು. ಚಿಂದಿಯ ಬೊಂಬೆ ಅಷ್ಟು ಭಾರವಿರಬಾರದಿತ್ತು. ಕೋಟು ತೊಟ್ಟುಕೊಂಡರೆ ಒಳಗೆ ಬೆಚ್ಚಗಿತ್ತು. ಬಿಸಿಲಿಗೆ ಕಾದಿದೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು, ತಮ್ಮ ಮಾಸ್ಕು ಹಾಕಿಕೊಂಡು ಪಾತಿಯ ನಡುವೆ ಕೈ ಅಗಲಿಸಿ ನಿಂತರು.

ಮೊದಲು ಬಂದದ್ದು ಮೇಷ್ಟ್ರೇ. ಬಂದವರು ಕಿತಾಪತಿ ಏನೂ ಮಾಡಲಿಲ್ಲ, ಬೆನ್ನುನೋವನ್ನು ಮತ್ತೆ ಬುಡದಿಂದ ಶುರು ಮಾಡಿದರು. ಗುಮಾಸ್ತರ ಹುಬ್ಬಿನ ಮೇಲೆ ನೊಣ ಕೂತಿತು, ಕಂಕುಳು ತುರಿಸಿತು. ಹಲ್ಲು ಕಚ್ಚಿ ತಡೆದುಕೊಂಡರು.

ಮೇಷ್ಟ್ರು ಅವರನ್ನೇ ದಿಟ್ಟಿಸಿ ನೋಡಿ, "ಯಾಕೋ ನಿನ್ನೆ ಇದ್ದಷ್ಟು ಗಮನ ಇವತ್ತಿಲ್ಲ ನಿಂಗೆ," ಎಂದು ಬೇಸರಪಟ್ಟುಕೊಂಡು ಹೋದರು.

ಆಮೇಲೆ ಹೆಂಡತಿ ಬಂದಳು. ಕೌದಿಯನ್ನು ಮಡಿಲ ಮೇಲೆ ಹರಡಿಕೊಂಡು ಅವರ ಕಾಲ ಬುಡದಲ್ಲೇ ಕೂತು ಹೊಲಿಯತೊಡಗಿದಳು. "ಈ ನೀಲಿ ತುಂಡು ನಮ್ಮ ಮದುವೆಯಾದ ಹೊಸದರಲ್ಲಿ ಅವರು ಹಾಕ್ತಿದ್ದ ಶರ್ಟು," ಎಂದಳು. "ಇನ್ನೊಂದೆರಡು ವರ್ಷ ಹಾಕ್ಬೋದಿತ್ತು. ಆದ್ರೂ ನಡುಮಧ್ಯಕ್ಕೆ ಇದೇ ಇರ್ಲಿ ಅಂತ ಕತ್ತರಿಸ್ಬಿಟ್ಟೆ."

ಅವಳ ದನಿ ಇಷ್ಟು ಮೆತ್ತಗಿರುತ್ತದೆಂಬುದನ್ನೇ ಗುಮಾಸ್ತರು ಮರೆತಿದ್ದರು. ಅವಳು ಹೊಲಿಗೆ ಹಾಕುತ್ತಿದ್ದಾಗಲೆಲ್ಲ ಪೇಪರ್ ಅಡ್ಡ ಹಿಡಿದು ಕೂತಿದ್ದ ತಮ್ಮ ಮೇಲೇ ಸಿಟ್ಟು ಬಂತು. ಇನ್ನು ಅವರಿಗೆ ತಡೆಯಲಾಗಲಿಲ್ಲ.

"ಕೌದಿ ತುಂಬಾ ಚೆನ್ನಾಗಿದೆ ಕಣೇ," ಎಂದರು. "ಹೆದರ್ಕೋಬೇಡ. ಇದು ಬೆರ್ಚಪ್ಪ ಅಲ್ಲ, ನಾನೇ."

ಹೆಂಡತಿ ಬೆಚ್ಚಲಿಲ್ಲ, ತಲೆ ಎತ್ತಿಯೂ ನೋಡಲಿಲ್ಲ. ಹಲ್ಲಿನಿಂದ ದಾರ ಕಡಿದು ಗಂಟು ಹಾಕಿದಳು.

"ಗೊತ್ತು," ಎಂದಳು. "ಒಳಗಿರೋರು ಹೇಳಿದ್ರು."

ಮನೆಯೊಳಗೆ ಹೊಲಿಗೆ ಮೆಷಿನ್ನಿನ ಸದ್ದು ಶುರುವಾಯಿತು. ಯಾರೋ ನಿಧಾನಕ್ಕೆ, ಒಂದೇ ಸಮನೆ ತುಳಿಯುತ್ತಿದ್ದರು.

"ಅಂಚು ಹೊಲಿಯೋದು ನಾನೇ ಮಾಡ್ತೀನಿ, ನೀನು ದಣೀಬೇಡ ಅಂದ್ರು," ಎನ್ನುತ್ತ ಹೆಂಡತಿ ಎದ್ದು ನಿಂತಳು. ಗುಮಾಸ್ತರ ಕೋಟಿನ ಕಾಲರ್ ಸರಿಮಾಡಿದಳು, ಜೋತುಬಿದ್ದಿದ್ದ ಎಡಗೈಯನ್ನು ಎತ್ತಿ ನೇರ ಮಾಡಿದಳು. ಬಹಳ ದಿನಗಳ ಮೇಲೆ ಅವಳು ಅವರನ್ನು ಅಷ್ಟು ಅಕ್ಕರೆಯಿಂದ ಮುಟ್ಟಿದ್ದು ಅದೇ.

"ಕೈ ಇಳಿಸ್ಬೇಡಿ. ಕಾಗೆ ಬರ್ತಿದೆ."

ಕೌದಿಯನ್ನು ಹೆಗಲಿಗೆ ಹಾಕಿಕೊಂಡು ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕೂಗಬೇಕೆಂದು ಗುಮಾಸ್ತರು ಬಾಯಿ ತೆರೆಯಲು ನೋಡಿದರು, ಮಾಸ್ಕಿನ ಹಿಂದೆ ಅದು ತೆರೆಯಲಿಲ್ಲ. ಕೈ ಮಾತ್ರ ಹೇಳಿದ ಮಾತು ಕೇಳಿತು.